ನಿಧನ ವಾರ್ತೆ ಬರೆಯುವ ಬಗೆ: ‘ಮಣ್ಣು ಎಷ್ಟೊತ್ತಿಗೆ?’ಯಿಂದ ನುಡಿನಮನದವರೆಗೆ

ಸಾವಿನ ಸುದ್ದಿ ಫೋನಿನಲ್ಲಿ ಬಂದ ಕೂಡಲೇ ಬಾಯಿಗೆ ಬರುವ ಮಾತು ಹಳೇ ಮೈಸೂರಿನಲ್ಲೂ ಧಾರವಾಡದ ಕಡೆಯೂ ಹೆಚ್ಚುಕಡಿಮೆ ಒಂದೇ: “ಅಯ್ಯೋ, ಯಾವಾಗ? ಮಣ್ಣು ಎಷ್ಟೊತ್ತಿಗೆ?” ಈ ಎರಡಕ್ಕೆ ಉತ್ತರ ಸಿಕ್ಕರೆ ಕೇಳಿದವರು ಬಸ್ಸು ಹಿಡಿಯುತ್ತಾರೆ, ಸಿಗದಿದ್ದರೆ ಇನ್ನೂ ನಾಲ್ಕು ಮನೆಗೆ ಫೋನು ಮಾಡುತ್ತಾರೆ. ನಿಧನ ವಾರ್ತೆಯ ಮೊದಲ ಕೆಲಸ ಇದೇ: ಯಾರು ಹೋದರು, ಯಾವಾಗ, ಎಲ್ಲಿಗೆ ಬರಬೇಕು ಎಂಬುದನ್ನು ಬರಬೇಕಾದವರಿಗೆ ಹೊತ್ತಿಗೆ ಮುಟ್ಟಿಸುವುದು. ಹೋದವರು ಏನು ಮಾಡಿಕೊಂಡಿದ್ದರು ಎಂದು ದಾಖಲಿಸುವುದು ಎರಡನೆಯದು. ಅಳಿಸುವ ಹೊಣೆ ಅದಕ್ಕಿಲ್ಲ. ದುಃಖ ಓದುವವರ ಹತ್ತಿರ ಆಗಲೇ ಇರುತ್ತದೆ, ಬರೆಯುವವರು ಅದನ್ನು ವಿಶೇಷಣಗಳಲ್ಲಿ ಅಳೆದು ಕೊಡಬೇಕಾಗಿಲ್ಲ. ಕೆಳಗಿನ ಸಲಹೆಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಮಾತಿನಿಂದ.

## ಯಾವ ಬರಹ ಬೇಕು?

ಒಂದೇ ಸಾವಿಗೆ ನಾಲ್ಕು ಬಗೆಯ ಬರಹ ಬೇಕಾಗಬಹುದು. ಒಂದರ ಧಾಟಿ ಇನ್ನೊಂದಕ್ಕೆ ನುಸುಳಿದಾಗಲೇ ಎಡವಟ್ಟಾಗುವುದು.

ನಿಧನ ಸೂಚನೆಯನ್ನು ಮನೆಯವರು ತಾವೇ ಹೊರಡಿಸುತ್ತಾರೆ. ಅದು ವಾಟ್ಸ್‌ಆ್ಯಪ್ ಸಂದೇಶ ಇರಬಹುದು, ಹಣ ಕೊಟ್ಟು ಹಾಕಿಸುವ ಜಾಹೀರಾತು ಇರಬಹುದು. “ನಮ್ಮ ತಂದೆಯವರು” ಎಂದು ಬರೆಯಲು ಇಲ್ಲಿ ಅಡ್ಡಿಯಿಲ್ಲ. ನಿಧನ ವಾರ್ತೆಯನ್ನು ಪತ್ರಿಕೆಯವರು ಸುದ್ದಿಯಾಗಿ ಹಾಕುತ್ತಾರೆ. ಅದಕ್ಕೆ ಹಣವಿಲ್ಲ, ಜಾಗ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯೂ ಇಲ್ಲ, “ನಮ್ಮ” ಎಂಬ ಮಾತಂತೂ ಕೂಡದು. ಶ್ರದ್ಧಾಂಜಲಿ ಎಂಬುದು ಸಂಘ, ಕಚೇರಿ, ಗೆಳೆಯರ ಬಳಗ ಸಲ್ಲಿಸುವ ಗೌರವ, ನಾಲ್ಕೈದು ಸಾಲು ಸಾಕು. ನುಡಿನಮನ ಹತ್ತಿರದಿಂದ ಬಲ್ಲವರು ಬರೆಯುವ ಲೇಖನ. ಅದು 500ರಿಂದ 800 ಪದದವರೆಗೆ ಹೋಗಬಹುದು, ಎರಡು ಮೂರು ದಿನ ತಡವಾದರೂ ನಡೆಯುತ್ತದೆ.

ಮೊದಲ ದಿನವೇ ನುಡಿನಮನ ಬರೆಯಲು ಕೂರಬೇಡಿ. ಆ ದಿನಕ್ಕೆ ಬೇಕಿರುವುದು ಸೂಚನೆ.

## ಮಾಹಿತಿ ಚೀಟಿ

ಬರೆಯುವ ಜವಾಬ್ದಾರಿಯನ್ನು ಮಗ, ಮಗಳು, ಹೆಂಡತಿ, ಗಂಡನಿಗೆ ಹೊರಿಸಬೇಡಿ. ಸೋದರಳಿಯನೋ, ಅಳಿಯನೋ, ಪಕ್ಕದ ಮನೆಯ ಮೇಷ್ಟ್ರೋ ಬರೆಯಲಿ, ಮನೆಯ ಒಬ್ಬರು ಓದಿ ಒಪ್ಪಲಿ. ಬರೆಯುವ ಮೊದಲು ಒಂದು ಹಾಳೆಯಲ್ಲಿ ಇಷ್ಟನ್ನು ತುಂಬಿಕೊಳ್ಳಿ: ದಾಖಲೆಯಲ್ಲಿರುವ ಹೆಸರು, ಊರಿನವರು ಕರೆಯುವ ಹೆಸರು, ವಯಸ್ಸು, ಹುಟ್ಟೂರು, ಈಗಿದ್ದ ಊರು, ಕಸುಬು, ತೀರಿಕೊಂಡ ದಿನ ಮತ್ತು ಹೊತ್ತು, ಎಲ್ಲಿ, ಹತ್ತಿರದ ಸಂಬಂಧಿಕರು, ಅಂತಿಮ ದರ್ಶನದ ಜಾಗ, ಅಂತ್ಯಕ್ರಿಯೆಯ ಜಾಗ ಮತ್ತು ಸಮಯ, ಸಂಪರ್ಕಕ್ಕೆ ಒಬ್ಬರ ಫೋನ್ ನಂಬರು.

ಸಲೀಸಾಗಿ ಕಾಣುವ ಈ ಪಟ್ಟಿಯಲ್ಲಿ ತಪ್ಪಾಗುವ ಜಾಗಗಳು ಮೂರು.

ಹೆಸರು. ಆಧಾರ್‌ನಲ್ಲಿರುವ ಹೆಸರನ್ನು ಊರಿನಲ್ಲಿ ಯಾರೂ ಕೇಳಿಯೇ ಇರುವುದಿಲ್ಲ. ಅಂಗಡಿಯ ಹೆಸರು, ಮನೆತನದ ಹೆಸರು, ‘ಪೋಸ್ಟ್ ಮೇಷ್ಟ್ರು’, ‘ನರ್ಸಮ್ಮ’ ಇಂಥವುಗಳಿಂದಲೇ ಜನ ಗುರುತು ಹಿಡಿಯುವುದು. ಎರಡನ್ನೂ ಹಾಕಿ, ಮೊದಲು ದಾಖಲೆಯ ಹೆಸರು, ನಂತರ ‘ಎಂದೇ ಪರಿಚಿತರಾಗಿದ್ದ’. ಹೆಂಗಸರ ವಿಷಯದಲ್ಲಿ ಒಂದು ಹಳೆಯ ಕೆಟ್ಟ ರೂಢಿಯಿದೆ. ಗಂಡನ ಹೆಸರು, ಹುದ್ದೆ ಎಲ್ಲ ಬಂದು “ಅವರ ಧರ್ಮಪತ್ನಿ ನಿಧನ” ಎಂದು ಶೀರ್ಷಿಕೆ ಇರುತ್ತದೆ, ಹೋದವರ ಹೆಸರು ಮೂರನೇ ಸಾಲಿನಲ್ಲಿ. ಕಂದಾಯ ದಾಖಲೆಯಲ್ಲಿ ‘ಕೋಂ’ (ಇಂಥವರ ಹೆಂಡತಿ) ಎಂದು ಬರೆಯುವ ಅಭ್ಯಾಸ ಅಲ್ಲಿಗೇ ಇರಲಿ. ಸತ್ತಾಗಲಾದರೂ ಅವರ ಹೆಸರು ಮೊದಲು ಬರಲಿ.

ವಯಸ್ಸು. ಹಿರಿಯರ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದೋ ಜನವರಿ 1 ಎಂದೋ ಇದ್ದರೆ ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಎಂದು ತಿಳಿಯಿರಿ. ಮನೆಯವರು 88 ಎನ್ನುತ್ತಾರೆ, ಆಧಾರ್ 83 ಎನ್ನುತ್ತದೆ. ಪತ್ರಿಕೆಗೆ ದಾಖಲೆಯ ವಯಸ್ಸು ಕೊಡಿ, ಇಲ್ಲದಿದ್ದರೆ ಒಂದೊಂದು ಪತ್ರಿಕೆಯಲ್ಲಿ ಒಂದೊಂದು ಅಂಕಿ ಬರುತ್ತದೆ. ಮನೆಯ ಸೂಚನೆಯಲ್ಲಿ ವಯಸ್ಸನ್ನೇ ಬಿಟ್ಟರೂ ಯಾರೂ ಕೇಳುವುದಿಲ್ಲ.

ದಿನ. ರಾತ್ರಿ ಎರಡು ಗಂಟೆಗೆ ತೀರಿಕೊಂಡರೆ ಮನೆಯವರು “ಸೋಮವಾರ ರಾತ್ರಿ” ಎನ್ನುತ್ತಾರೆ, ಆಸ್ಪತ್ರೆಯ ಚೀಟಿಯಲ್ಲಿ ಮಂಗಳವಾರ ಇರುತ್ತದೆ. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಕ್ಯಾಲೆಂಡರಿನ ದಿನ ನಡುರಾತ್ರಿಗೆ. ಸೂಚನೆಯಲ್ಲಿ “14ರ ಮಂಗಳವಾರ ಬೆಳಗಿನ ಜಾವ 2.10ಕ್ಕೆ” ಎಂದು ಬರೆದರೆ ಗೊಂದಲವಿಲ್ಲ. ಕಾರ್ಯದ ದಿನಗಳ ಎಣಿಕೆ ಬೇರೆ ಲೆಕ್ಕ, ಅದನ್ನು ಪುರೋಹಿತರಿಂದಲೋ ಅಯ್ಯನವರಿಂದಲೋ ಮನೆಯ ಹಿರಿಯರಿಂದಲೋ ಕೇಳಿಯೇ ಅಚ್ಚಿಗೆ ಕೊಡಿ.

ಇನ್ನೊಂದು ಎಚ್ಚರ. ನಿಧನ ವಾರ್ತೆ ಕಾನೂನಿನ ದಾಖಲೆಯಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವಿನ ಮಾಹಿತಿಯನ್ನು 21 ದಿನದೊಳಗೆ ನೋಂದಣಾಧಿಕಾರಿಗೆ ಕೊಡಬೇಕು. ವಿಮೆ, ಬ್ಯಾಂಕು, ಖಾತೆ ಬದಲಾವಣೆಗೆ ಆ ಪ್ರಮಾಣಪತ್ರವೇ ಬೇಕು, ಪತ್ರಿಕೆಯ ಕಟಿಂಗು ನಡೆಯದು. ಹಾಗಾಗಿ ಚೀಟಿಯಲ್ಲಿ ಬರೆದುಕೊಂಡ ಹೆಸರಿನ ಕಾಗುಣಿತ ಆಸ್ಪತ್ರೆಯ ಫಾರಂನಲ್ಲೂ ಹಾಗೇ ಇದೆಯೇ ಎಂದು ಅದೇ ದಿನ ನೋಡಿಬಿಡಿ.

## ಮೊದಲ ಎರಡು ಗಂಟೆ: ವಾಟ್ಸ್‌ಆ್ಯಪ್ ಸೂಚನೆ

ಈಗ ಮೊದಲು ಓಡುವುದು ಇದೇ. 50 ಪದ ದಾಟಬಾರದು, ಫೋನಿನ ಪರದೆಯಲ್ಲಿ ಉರುಳಿಸದೆ ಒಂದೇ ನೋಟಕ್ಕೆ ಸಿಗಬೇಕು.

ಸಾಲು 1: ಯಾರು, ಎಲ್ಲಿಯವರು, ಯಾವಾಗ ತೀರಿಕೊಂಡರು.
ಸಾಲು 2: ಪಾರ್ಥಿವ ಶರೀರ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಲ್ಲಿರುತ್ತದೆ.
ಸಾಲು 3: ಅಂತ್ಯಕ್ರಿಯೆ ಯಾವ ದಿನಾಂಕ, ಎಷ್ಟು ಗಂಟೆ, ಎಲ್ಲಿ, ನಕ್ಷೆಯ ಕೊಂಡಿ.
ಸಾಲು 4: ಒಬ್ಬರ ಹೆಸರು, ಒಂದು ನಂಬರು.

ಇಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ‘ಇಂದು’, ‘ನಾಳೆ’ ಎಂಬ ಪದಗಳು. ಸಂದೇಶ ಗುಂಪಿನಿಂದ ಗುಂಪಿಗೆ ಹಾರುತ್ತಾ ಮರುದಿನ ಬೆಳಿಗ್ಗೆ ದಾವಣಗೆರೆಯ ಸೋದರತ್ತೆಗೆ ಮುಟ್ಟುತ್ತದೆ. “ನಾಳೆ 11ಕ್ಕೆ” ಎಂದಿರುವುದನ್ನು ನೋಡಿ ಅವರು ನಿಧಾನವಾಗಿ ಹೊರಡುತ್ತಾರೆ. ಬಂದು ತಲುಪುವ ಹೊತ್ತಿಗೆ ಮನೆಯ ಮುಂದಿನ ಶಾಮಿಯಾನ ಬಿಚ್ಚುತ್ತಿರುತ್ತಾರೆ. ದಿನಾಂಕ ಮತ್ತು ವಾರ ಎರಡನ್ನೂ ಬರೆಯಿರಿ. ಸಮಯ ಬದಲಾದರೆ ಹಳೆಯದನ್ನು ಅಳಿಸಿ ಹೊಸ ಸಂದೇಶ ಕಳಿಸಿ, ಅದರ ಮೊದಲ ಪದ ‘ಸಮಯ ಬದಲಾವಣೆ’ ಎಂದಿರಲಿ.

ನಂಬರು ಮಕ್ಕಳದ್ದಾಗದಿರಲಿ. ಅವರ ಫೋನು ಆ ದಿನ ಬಿಡುವಾಗುವುದಿಲ್ಲ, ದಾರಿ ಕೇಳುವವರಿಗೆಲ್ಲ ಅವರು ಉತ್ತರ ಹೇಳುತ್ತಾ ಕೂರುವುದೂ ಸರಿಯಲ್ಲ. ಆಧಾರ್, ಮರಣ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲು ಇವುಗಳ ಫೋಟೊ ಗುಂಪಿಗೆ ಹಾಕಬೇಡಿ, ಮೋಸಗಾರರಿಗೆ ಅದೇ ಬಂಡವಾಳ. “ಮನೆಯವರೆಲ್ಲ ಹುಟ್ಟೂರಿಗೆ ಹೊರಟಿದ್ದೇವೆ” ಎಂಬ ಸಾಲೂ ಬೇಡ, ಬೀಗ ಹಾಕಿದ ಮನೆಯ ವಿಳಾಸ ಪಕ್ಕದ ಸಾಲಿನಲ್ಲೇ ಇರುತ್ತದೆ.

## ಕ್ರಿಯಾಪದದಲ್ಲೇ ಧಾಟಿ

ಕನ್ನಡದಲ್ಲಿ ಸಾವಿಗೆ ಇರುವಷ್ಟು ಕ್ರಿಯಾಪದ ಮತ್ತಾವುದಕ್ಕೂ ಇದ್ದಂತಿಲ್ಲ. ವಾರ್ತೆಯ ಧಾಟಿ ನಿಲ್ಲುವುದು ಈ ಒಂದು ಪದದ ಮೇಲೆ.

‘ನಿಧನರಾದರು’ ಎಲ್ಲರಿಗೂ ಸಲ್ಲುವ, ಯಾರಿಗೂ ನೋಯದ ಪದ. ಅನುಮಾನವಿದ್ದರೆ ಅದನ್ನೇ ಹಾಕಿ. ‘ತೀರಿಕೊಂಡರು’ ಮನೆಮಾತು, ಸೂಚನೆಯಲ್ಲೂ ನುಡಿನಮನದಲ್ಲೂ ಚೆನ್ನಾಗಿ ಕೂರುತ್ತದೆ. ‘ಮೃತಪಟ್ಟರು’, ‘ಸಾವನ್ನಪ್ಪಿದರು’ ಎಂಬವು ಅಪಘಾತದ ವರದಿಯವು. ಹಾಸಿಗೆ ಹಿಡಿದು ನೆಮ್ಮದಿಯಿಂದ ಹೋದ ಅಜ್ಜಿಗೆ ‘ಮೃತಪಟ್ಟಿದ್ದಾರೆ’ ಎಂದರೆ ಪೊಲೀಸ್ ಪ್ರಕಟಣೆ ಓದಿದಂತಾಗುತ್ತದೆ. ‘ಅಸುನೀಗಿದರು’ ಶೀರ್ಷಿಕೆಯ ಜಾಗ ತುಂಬಿಸಲು ಹಳೆಯ ಪತ್ರಿಕೆಗಳು ಬಳಸಿಕೊಂಡ ಪದ, ಈಗ ಒಣಗಿದೆ. ‘ವಿಧಿವಶ’, ‘ದೈವಾಧೀನ’, ‘ಇಹಲೋಕ ತ್ಯಜಿಸಿದರು’ ಎಂಬುವನ್ನು ಮನೆಯವರು ಬಯಸಿದರೆ ಅವರ ಜಾಹೀರಾತಿನಲ್ಲಿ ಬಳಸಿ, ಸುದ್ದಿಯಲ್ಲಿ ಬೇಡ.

ನಂಬಿಕೆಗೆ ಕಟ್ಟಿಕೊಂಡ ಪದಗಳನ್ನು ಊಹಿಸಿ ಬಳಸಬಾರದು. ಲಿಂಗಾಯತ ಮನೆಗಳಲ್ಲಿ ‘ಲಿಂಗೈಕ್ಯ’, ‘ಶಿವೈಕ್ಯ’. ಮಾಧ್ವ ಯತಿಗಳಿಗೆ ‘ವೃಂದಾವನಸ್ಥ’. ಜೈನರಲ್ಲಿ ಸಲ್ಲೇಖನ, ಅಂದರೆ ಆಹಾರ ತೊರೆದು ದೇಹ ಬಿಡುವ ವ್ರತ, ಕೈಗೊಂಡು ಹೋದವರಿಗೆ ‘ಸಮಾಧಿಮರಣ’, ಸಲ್ಲೇಖನ ಇಲ್ಲದಿದ್ದರೆ ಆ ಪದ ಹಾಕಿದರೆ ತಪ್ಪು ಮಾಹಿತಿ ಕೊಟ್ಟಂತೆ. ಕ್ರೈಸ್ತ ಕುಟುಂಬಗಳ ಸೂಚನೆಯಲ್ಲಿ ‘ಪ್ರಭುವಿನಲ್ಲಿ ನಿದ್ರೆಹೋದರು’ ಎಂಬ ಸಾಲು, ಚರ್ಚಿನ ಪ್ರಾರ್ಥನೆಯ ಹೊತ್ತು ಎರಡೂ ಬೇಕು. ಮುಸ್ಲಿಂ ಮನೆಗಳಲ್ಲಿ ದಫನ್ ಬೇಗ ಆಗುತ್ತದೆ. ಯಾವ ಮಸೀದಿ, ಯಾವ ಹೊತ್ತಿನ ನಮಾಜಿನ ನಂತರ ಜನಾಜಾ ನಮಾಜು ಎಂಬುದೇ ಅಲ್ಲಿ ಮುಖ್ಯ ಸಾಲು, ಪತ್ರಿಕೆಗೆ ಕಾಯುವ ಪ್ರಶ್ನೆಯೇ ಇಲ್ಲ. ದೇವರನ್ನು ನಂಬದವರಿಗೆ “ಸ್ವರ್ಗಸ್ಥ” ಎಂದು ಬರೆದು ಕೊನೆಗೆ “ಭಗವಂತ ಚಿರಶಾಂತಿ ನೀಡಲಿ” ಎನ್ನುವುದು ಅವರ ಇಡೀ ಬದುಕಿನ ಮಾತನ್ನು ಅಳಿಸಿದ ಹಾಗೆ.

ದೇಹಕ್ಕೆ ಬಳಸುವ ಪದವೂ ಇಷ್ಟೇ ಸೂಕ್ಷ್ಮ. ‘ಪಾರ್ಥಿವ ಶರೀರ’ ಗೌರವದ ಮಾತು, ‘ಮೃತದೇಹ’ ಸುದ್ದಿಯದು, ‘ಶವ’ ಪಂಚನಾಮೆಯದು. ಮನೆಯ ಸೂಚನೆಯಲ್ಲಿ ‘ಶವ’ ಬರಬಾರದು.

## ಪತ್ರಿಕೆಗೆ ಕಳಿಸುವ ವಾರ್ತೆ

ಹೀಗೊಂದು ಬರುತ್ತದೆ ಎಂದಿಟ್ಟುಕೊಳ್ಳಿ:

“ಕೊಡುಗೈ ದಾನಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅಜಾತಶತ್ರು, ನಿವೃತ್ತ ಆರೋಗ್ಯ ಸಹಾಯಕಿ ……… ಅವರು ವಯೋಸಹಜ ಕಾಯಿಲೆಯಿಂದ ವಿಧಿವಶರಾಗಿದ್ದು, ಅವರ ಅಗಲಿಕೆಯಿಂದ ತಾಲ್ಲೂಕಿಗೆ ತುಂಬಲಾರದ ನಷ್ಟ ಉಂಟಾಗಿದೆ. ಮೃತರು ಅಪಾರ ಬಂಧುಬಳಗವನ್ನು ಅಗಲಿದ್ದಾರೆ.”

ಯಾವ ದಿನ, ಯಾವ ಊರು, ಎಷ್ಟು ವಯಸ್ಸು, ಮಣ್ಣು ಆಯಿತೇ ಇಲ್ಲವೇ ಒಂದೂ ಇಲ್ಲ. ಹೆಸರು ಬದಲಿಸಿದರೆ ಜಿಲ್ಲೆಯ ಯಾರಿಗೆ ಬೇಕಾದರೂ ಹೊಂದುತ್ತದೆ. ಯಾರಿಗೂ ಹೊಂದುವ ಮಾತು ಇವರ ಬಗ್ಗೆ ಏನನ್ನೂ ಹೇಳಿದಂತಲ್ಲ. ಅದನ್ನೇ ಹೀಗೆ ತಿದ್ದಬಹುದು:

“ತಿಪಟೂರು: ಇಲ್ಲಿನ ……… ಬಡಾವಣೆಯ ನಿವಾಸಿ, ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ ……… (81) ಮಂಗಳವಾರ ಬೆಳಗಿನ ಜಾವ ಮನೆಯಲ್ಲಿ ನಿಧನರಾದರು. ಸುತ್ತಲಿನ ಹಳ್ಳಿಗಳಲ್ಲಿ ‘ನರ್ಸಮ್ಮ’ ಎಂದೇ ಪರಿಚಿತರಾಗಿದ್ದ ಅವರು 34 ವರ್ಷ ಮೂರು ಉಪಕೇಂದ್ರಗಳಲ್ಲಿ ಕೆಲಸ ಮಾಡಿದ್ದರು. ಬಸ್ಸು ಓಡಾಡದ ಕಾಲದಲ್ಲಿ ರಾತ್ರಿ ಹೊತ್ತು ನಡೆದು ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಅವರಿಗೆ ಇಬ್ಬರು ಪುತ್ರಿಯರು, ಒಬ್ಬ ಪುತ್ರ ಇದ್ದಾರೆ. ಕಣ್ಣುಗಳನ್ನು ದಾನ ಮಾಡಲಾಗಿದೆ. ಅಂತ್ಯಕ್ರಿಯೆ ಬುಧವಾರ ಬೆಳಿಗ್ಗೆ 11ಕ್ಕೆ ಹುಟ್ಟೂರಿನ ತೋಟದಲ್ಲಿ ನಡೆಯಲಿದೆ.”

‘ಕೊಡುಗೈ ದಾನಿ’ ಹೋಯಿತು, ರಾತ್ರಿ ನಡೆದು ಹೋದದ್ದು ಬಂತು. ಓದಿದವರೇ “ಪುಣ್ಯಾತಗಿತ್ತಿ” ಎಂದುಕೊಳ್ಳುತ್ತಾರೆ, ಆ ಪದವನ್ನು ನೀವು ಬರೆಯಬೇಕಾಗಿಲ್ಲ. ಪೂರ್ತಿ ವಾರ್ತೆ 60ರಿಂದ 90 ಪದದೊಳಗೆ ಇರಲಿ. ಇದಕ್ಕಿಂತ ಹೆಚ್ಚಾದರೆ ಡೆಸ್ಕಿನಲ್ಲಿ ಕೆಳಗಿನಿಂದ ಕತ್ತರಿಸುತ್ತಾರೆ, ಕೆಳಗಿರುವುದು ಅಂತ್ಯಕ್ರಿಯೆಯ ಸಾಲು! ಉದ್ದವಾಗುವ ಭಯವಿದ್ದರೆ ಆ ಸಾಲನ್ನು ಎರಡನೇ ವಾಕ್ಯಕ್ಕೆ ಏರಿಸಿ.

ಕಾಲದ ಲೆಕ್ಕ ಮರೆಯಬೇಡಿ. ಮಂಗಳವಾರದ ಸಾವಿನ ವಾರ್ತೆ ಓದುಗರ ಕೈಗೆ ಸಿಗುವುದು ಬುಧವಾರ. ಮಣ್ಣು ಮಂಗಳವಾರವೇ ಆಗುವುದಿದ್ದರೆ “ನೆರವೇರಿತು” ಎಂದೇ ಬರೆಯಬೇಕು, ಆದರೆ ಆಗಿದೆ ಎಂದು ಫೋನಿನಲ್ಲಿ ಖಚಿತಪಡಿಸಿಕೊಂಡ ಮೇಲೆ.

ಕಣ್ಣಿನ ಸಾಲನ್ನು ಸುಮ್ಮನೆ ಸೇರಿಸಿದ್ದಲ್ಲ. ಸಾವಿನ ನಂತರ ಸುಮಾರು 6 ಗಂಟೆಯೊಳಗೆ ಕಣ್ಣು ತೆಗೆಯಬೇಕಾದ್ದರಿಂದ ಮನೆಯವರಿಗೆ ಆ ಹೊತ್ತಿನಲ್ಲಿ ನೆನಪಾಗಬೇಕು, ನೆನಪಾಗಲು ಎಲ್ಲೋ ಓದಿರಬೇಕು. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗಲೂ ಹಾಗೇ ಆಯಿತು. ಆ ಸುದ್ದಿ ಓದಿ ನೇತ್ರದಾನಕ್ಕೆ ಹೆಸರು ಬರೆಸಿದವರ ಸಂಖ್ಯೆ ರಾಜ್ಯದಲ್ಲಿ ಒಮ್ಮೆಗೇ ಏರಿತು.

ಸಂಬಂಧಿಕರ ಪಟ್ಟಿಯೇ ಜಗಳದ ಮೂಲ. ಮಕ್ಕಳನ್ನು ವಯಸ್ಸಿನ ಕ್ರಮದಲ್ಲಿ ಬರೆದುಬಿಡಿ, ಗಂಡುಮಕ್ಕಳು ಮೊದಲು ಎಂಬ ಲೆಕ್ಕ ಬೇಡ. ಎರಡು ಸಂಸಾರವಿದ್ದರೆ, ಮಾತು ಬಿಟ್ಟ ಮಗನಿದ್ದರೆ ಹೆಸರುಗಳಿಗೆ ಹೋಗದೆ ಸಂಖ್ಯೆ ಮಾತ್ರ ಕೊಡಿ, ಆದರೆ ಯಾರನ್ನೂ ಎಣಿಕೆಯಿಂದ ಬಿಡಬೇಡಿ. ಬಿಟ್ಟ ಹೆಸರು ಆಸ್ತಿ ವ್ಯಾಜ್ಯದಲ್ಲಿ ಸಾಕ್ಷಿಯಾಗದಿರಬಹುದು, ಮನಸ್ಸಿನಲ್ಲಂತೂ ಉಳಿಯುತ್ತದೆ.

## ಜಾಹೀರಾತು: ಅಳತೆ, ಫೋಟೊ, ಅಕ್ಷರ

ಪತ್ರಿಕೆಯ ಜಾಗವನ್ನು ಅಗಲ ಗುಣಿಸು ಎತ್ತರದ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ ಇಷ್ಟು ಎಂದು ಮಾರುತ್ತಾರೆ. ಸಾಮಾನ್ಯ ದೊಡ್ಡ ಪತ್ರಿಕೆಯ ಒಂದು ಕಾಲಂ ಸುಮಾರು 4 ಸೆಂ.ಮೀ. ಅಗಲ. ಎರಡು ಕಾಲಂ ಅಗಲ, 10 ಸೆಂ.ಮೀ. ಎತ್ತರ, ಅಂದರೆ 80 ಚದರ ಸೆಂ.ಮೀ. ತೆಗೆದುಕೊಂಡರೆ ಒಂದು ಫೋಟೊ ಮತ್ತು 40-50 ಪದ ಓದುವಂತೆ ಹಿಡಿಸುತ್ತವೆ. ಅದೇ ಜಾಗಕ್ಕೆ 90 ಪದ ತುರುಕಿದರೆ ಅಕ್ಷರ ಕುಗ್ಗಿ ಕನ್ನಡಕದವರಿಗೆ ಕಾಣುವುದಿಲ್ಲ, ಸಾವಿನ ಜಾಹೀರಾತು ಓದುವವರಲ್ಲಿ ಕನ್ನಡಕದವರೇ ಹೆಚ್ಚು. ದರ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಇಡೀ ರಾಜ್ಯಕ್ಕೆ ಕೊಡುವ ಮೊದಲು ಬಂಧುಗಳು ಎಲ್ಲಿದ್ದಾರೆ ನೋಡಿ. ಬೆಂಗಳೂರಿನಲ್ಲಿ ತೀರಿಕೊಂಡವರ ನೆಂಟರೆಲ್ಲ ಕಲಬುರಗಿಯಲ್ಲಿದ್ದರೆ ಕಲಬುರಗಿ ಆವೃತ್ತಿ ಸಾಕು. ಮರುದಿನದ ಪತ್ರಿಕೆಗೆ ಎಷ್ಟು ಗಂಟೆಯೊಳಗೆ ಕೊಡಬೇಕು ಎಂಬುದನ್ನು ಮೊದಲು ಕೇಳಿ, ನಂತರ ಬರೆಯಲು ಕೂರಿ. ಆಸ್ಪತ್ರೆಯ ಮರಣ ವರದಿ ಅಥವಾ ಚಿತಾಗಾರದ ರಸೀದಿ, ಜಾಹೀರಾತು ಕೊಡುವವರ ಗುರುತಿನ ಚೀಟಿ ಕೇಳಿದರೆ ಬೇಸರ ಬೇಡ, ಬದುಕಿರುವವರ ಸಾವಿನ ಜಾಹೀರಾತು ಬರದಂತೆ ತಡೆಯುವ ದಾರಿ ಅದು.

ಫೋಟೊ 3×4 ಸೆಂ.ಮೀ. ಅಳತೆಯಲ್ಲಿ ಅಚ್ಚಾಗಬೇಕಾದರೆ ಕನಿಷ್ಠ 360×480 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಆಧಾರ್ ಫೋಟೊ ಬೇಡವೇ ಬೇಡ. ಮದುವೆಯ ಗುಂಪು ಫೋಟೊದಿಂದ ಕತ್ತರಿಸಿದರೆ ಹೆಗಲ ಮೇಲೆ ಪಕ್ಕದವರ ಕೈ ಉಳಿದುಬಿಡುತ್ತದೆ, ನೋಡಿಕೊಳ್ಳಿ. ಕಪ್ಪು ಹಿನ್ನೆಲೆಯ ಮುಂದೆ ಕಪ್ಪು ಕೂದಲು ಅಚ್ಚಿನಲ್ಲಿ ಒಂದೇ ಮುದ್ದೆಯಾಗುತ್ತದೆ. ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡಿದರೆ ಮೊದಲೇ ಗೊತ್ತಾಗುತ್ತದೆ.

ಅಕ್ಷರದ ಅವಾಂತರ ಬೇರೆಯೇ. ಫೋನಿನಲ್ಲಿ ಬರೆದದ್ದು ಯೂನಿಕೋಡ್. ಎಷ್ಟೋ ಅಚ್ಚಿನ ಮನೆಗಳಲ್ಲಿ ಪುಟ ಕಟ್ಟುವುದು ಇನ್ನೂ ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ. ಪರಿವರ್ತನೆಯಾಗುವಾಗ ಅರ್ಕಾವತ್ತು ಜಾಗ ಬಿಡುತ್ತದೆ, ಒತ್ತಕ್ಷರ ಕಳಚುತ್ತದೆ. ಹೆಸರಿನಲ್ಲೇ ಇದಾದರೆ ತಿದ್ದಲು ಇನ್ನೊಂದು ದಿನವಿಲ್ಲ. ಪಠ್ಯದ ಜೊತೆ ಅದೇ ಪಠ್ಯದ ಚಿತ್ರ ಅಥವಾ ಪಿಡಿಎಫ್ ಕಳಿಸಿ. ಕರಡು ಪ್ರತಿ ಬಂದಾಗ ಹೆಸರು, ದಿನಾಂಕ, ಫೋನ್ ನಂಬರುಗಳನ್ನು ಮಾತ್ರ ಬೇರೆಯವರಿಂದ ಗಟ್ಟಿಯಾಗಿ ಓದಿಸಿ. ಬರೆದವರ ಕಣ್ಣಿಗೆ ತನ್ನ ತಪ್ಪು ಕಾಣದು.

## ಕಾರ್ಯದ ಕಾರ್ಡು ಮತ್ತು ಫ್ಲೆಕ್ಸು

ಕಾರ್ಯದ ಹೆಸರು ಊರಿಗೊಂದು. ಹಳೇ ಮೈಸೂರಿನ ಕಡೆ ಮೂರನೇ ದಿನ ಹಾಲುತುಪ್ಪ, ನಂತರ ತಿಥಿ. ಕರಾವಳಿಯಲ್ಲಿ ಉತ್ತರಕ್ರಿಯೆ, ತುಳು ಮನೆಗಳಲ್ಲಿ ಬೊಜ್ಜ. ಲಿಂಗಾಯತರಲ್ಲಿ ಶಿವಗಣಾರಾಧನೆ. ಬ್ರಾಹ್ಮಣರಲ್ಲಿ ವೈಕುಂಠ ಸಮಾರಾಧನೆ. ಮನೆಯವರ ಬಾಯಲ್ಲಿ ಯಾವ ಹೆಸರಿದೆಯೋ ಅದನ್ನೇ ಅಚ್ಚು ಹಾಕಿಸಿ. ಪ್ರೆಸ್ಸಿನವರು ಹಳೆಯ ಮಾದರಿಯನ್ನು ತೆರೆದು ಹೆಸರು ಮಾತ್ರ ಬದಲಿಸುವುದರಿಂದ ಒಮ್ಮೊಮ್ಮೆ ಮದುವೆ ಪತ್ರಿಕೆಯ ‘ಸುಖಾಗಮನ ಬಯಸುವವರು’ ಹಾಗೇ ಉಳಿದುಬಿಡುತ್ತದೆ. ಅಲ್ಲಿ ಬರಬೇಕಾದ್ದು ‘ದುಃಖತಪ್ತರು’. ಒಕ್ಕಣೆ “ತಾವು ಆಗಮಿಸಿ ಮೃತರ ಆತ್ಮಕ್ಕೆ ಶಾಂತಿ ಕೋರಬೇಕಾಗಿ ವಿನಂತಿ” ಎಂಬಷ್ಟಕ್ಕೆ ನಿಲ್ಲಲಿ. ಊಟದ ಹೊತ್ತನ್ನು ಹಾಕಿ, ನಾಚಿಕೆಯೇನಿಲ್ಲ, ದೂರದಿಂದ ಬರುವವರಿಗೆ ಅದು ಬೇಕು.

ಫ್ಲೆಕ್ಸಿಗೆ 15 ಪದ ಮೀರಬಾರದು: ಹೆಸರು, ಹುಟ್ಟಿದ ಮತ್ತು ತೀರಿಕೊಂಡ ವರ್ಷ, ‘ಭಾವಪೂರ್ಣ ಶ್ರದ್ಧಾಂಜಲಿ’, ಹಾಕಿಸಿದವರು. ಹಾಕಿಸಿದವರ 20 ಮುಖಗಳು ಹೋದವರ ಮುಖಕ್ಕಿಂತ ದೊಡ್ಡದಾಗಿ ಕಂಡರೆ ಅದು ಚುನಾವಣೆಯ ಫ್ಲೆಕ್ಸು. ಸಾರ್ವಜನಿಕ ಜಾಗದಲ್ಲಿ ಅನುಮತಿಯಿಲ್ಲದೆ ಕಟ್ಟಿದರೆ ತೆರೆದ ಜಾಗಗಳ ಅಂದಗೆಡಿಸುವುದನ್ನು ತಡೆಯುವ 1981ರ ಕರ್ನಾಟಕದ ಕಾಯ್ದೆಯಡಿ ಅಪರಾಧ ಎಂಬುದೂ ನೆನಪಿರಲಿ.

## ನುಡಿನಮನ

ಇಲ್ಲಿ ಕೈ ಬಿಚ್ಚಬಹುದು, ಆದರೆ ವಿಶೇಷಣಕ್ಕಲ್ಲ. ಮಾದರಿ ಬೇಕಿದ್ದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಕಲ್ಲನ್ನು ನೋಡಿ. ಶಕ 872ರ, ಅಂದರೆ ಸುಮಾರು ಕ್ರಿ.ಶ. 950ರ ಶಾಸನ. ಗಂಗ ದೊರೆ ಬೂತುಗನ ಯೋಧ ಮಣಲೇರ ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಯಾವ ನಾಯಿ, ಯಾರ ನಾಯಿ, ಯಾವುದರೊಡನೆ ಕಾದಿತು, ಏನಾಯಿತು ಎಂಬಷ್ಟನ್ನು ಹೇಳಿ, ಎರಡೂ ಪ್ರಾಣಿಗಳು ಕಚ್ಚಾಡುವುದನ್ನು ಕೆತ್ತಿಸಿದರು. ಸಾವಿರ ವರ್ಷವಾದ ಮೇಲೂ ಓದಿದವರಿಗೆ ಆ ನಾಯಿ ಕಾಣುತ್ತದೆ. ‘ತುಂಬಲಾರದ ನಷ್ಟ’ ಎಂದಷ್ಟೇ ಕೆತ್ತಿದ್ದರೆ ಕಾಣುತ್ತಿರಲಿಲ್ಲ.

ಇದಕ್ಕೆ ಸಾಮಗ್ರಿ ಬೇಕು, ಸಾಮಗ್ರಿಗೆ ಐದು ಫೋನು ಮಾಡಬೇಕು: ಮನೆಯವರೊಬ್ಬರು, ಜೊತೆಗೆ ಕೆಲಸ ಮಾಡಿದವರೊಬ್ಬರು, ಕೈಕೆಳಗೆ ದುಡಿದವರೊಬ್ಬರು, ಹಳೆಯ ಸ್ನೇಹಿತರೊಬ್ಬರು, ಅವರೊಡನೆ ಜಗಳವಾಡಿದವರೊಬ್ಬರು. “ಹೇಗಿದ್ದರು?” ಎಂದು ಕೇಳಿದರೆ “ದೇವರಂಥ ಮನುಷ್ಯ” ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು, ಯಾವುದಕ್ಕೆ ಸಿಟ್ಟು ಬರುತ್ತಿತ್ತು, ಜೇಬಿನಲ್ಲಿ ಸದಾ ಏನಿರುತ್ತಿತ್ತು, ಕೊನೆಯ ಸಲ ಸಿಕ್ಕಾಗ ಏನಂದರು ಎಂದು ಕೇಳಿ. ಹುಟ್ಟು, ಓದು, ನೌಕರಿಯ ಇಸವಿಗಳನ್ನೆಲ್ಲ ಮೊದಲ ಪ್ಯಾರಾದಲ್ಲಿ ಸುರಿಯಬೇಡಿ. ಒಂದು ಘಟನೆಯಿಂದ ಶುರುಮಾಡಿ, ಇಸವಿಗಳು ನಡುವೆ ಬೇಕಾದಲ್ಲಿ ಬರಲಿ.

ದೋಷಗಳನ್ನು ಬರೆಯಬಹುದೇ? ಎಲ್ಲರಿಗೂ ಗೊತ್ತಿದ್ದದ್ದನ್ನು ಬರೆಯಬಹುದು. ಮುಂಗೋಪಿ ಮೇಷ್ಟ್ರನ್ನು ‘ಶಾಂತಮೂರ್ತಿ’ ಎಂದರೆ ಅವರ ಶಿಷ್ಯರೆಲ್ಲ ನಗುತ್ತಾರೆ, ಮಿಕ್ಕ ಮಾತನ್ನೂ ನಂಬುವುದಿಲ್ಲ. “ಸೀಮೆಸುಣ್ಣ ಎಸೆಯುತ್ತಿದ್ದರು, ಗುರಿ ತಪ್ಪುತ್ತಿರಲಿಲ್ಲ” ಎಂದರೆ ಅವರೇ ಎದುರು ಬಂದು ನಿಂತಂತಾಗುತ್ತದೆ. ಆದರೆ ಗುಟ್ಟು, ಸಾಲ, ಕುಡಿತ, ಕೋರ್ಟಿನ ವ್ಯವಹಾರ ಇವನ್ನು ಬಯಲು ಮಾಡುವ ಜಾಗ ಇದಲ್ಲ. ಬರೆಯುವವರು ತಮ್ಮನ್ನೇ ಬರೆದುಕೊಳ್ಳುವ ರೋಗಕ್ಕೂ ಮದ್ದಿದೆ: ಮುಗಿದ ಮೇಲೆ ‘ನಾನು’, ‘ನನ್ನ’ ಎಂಬುವನ್ನು ಎಣಿಸಿ. ಹೋದವರ ಹೆಸರಿಗಿಂತ ಹೆಚ್ಚಿದ್ದರೆ ಅರ್ಧ ತೆಗೆಯಿರಿ.

ಹೋದವರೇ ಏನಾದರೂ ಹೇಳಿಟ್ಟಿದ್ದರೆ ಅದು ಎಲ್ಲಕ್ಕಿಂತ ಮೇಲೆ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2014ರಲ್ಲೇ ಬರೆದಿಟ್ಟ ಅಂತಿಮ ಅಭಿವಂದನ ಪತ್ರದಲ್ಲಿ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದಿತ್ತು. 2023ರ ಜನವರಿಯಲ್ಲಿ ಸಾವಿನ ಸುದ್ದಿಯ ಜೊತೆಗೇ ಆ ಪತ್ರವೂ ಜನರಿಗೆ ಮುಟ್ಟಿತು. 2019ರ ಜೂನ್ 10ರಂದು ಗಿರೀಶ ಕಾರ್ನಾಡರು ತೀರಿಕೊಂಡಾಗ ಸರ್ಕಾರಿ ಗೌರವ, ಮೆರವಣಿಗೆ ಬೇಡ ಎಂಬ ಅವರ ಇಚ್ಛೆಯನ್ನು ಮನೆಯವರು ಮೊದಲೇ ತಿಳಿಸಿದರು. “ಹಾರ ತರಬೇಡಿ”, “ಮನೆಗೆ ಬರುವುದು ಬೇಡ” ಎಂಬ ಇಚ್ಛೆಯಿದ್ದರೆ ಅದನ್ನು ಮೊದಲ ಸೂಚನೆಯಲ್ಲೇ ಒಂದು ಸಾಲಿನಲ್ಲಿ ಹಾಕಬೇಕು, ಜನ ಹಾರ ಹಿಡಿದು ಬಂದ ಮೇಲಲ್ಲ.

## ಕಷ್ಟದ ಸಾವುಗಳು

ಅಪಘಾತ, ಅನುಮಾನದ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ಮುಗಿದು ಪೊಲೀಸರು ದೇಹ ಒಪ್ಪಿಸುವವರೆಗೆ ಅಂತ್ಯಕ್ರಿಯೆಯ ಹೊತ್ತನ್ನು ಬರೆಯಬೇಡಿ. “ಸಮಯ ನಂತರ ತಿಳಿಸಲಾಗುವುದು” ಸಾಕು. ತಪ್ಪು ಯಾರದೆಂಬ ಮಾತೂ ಬೇಡ, ಅದು ದೂರಿನಲ್ಲಿ ಬರಲಿ.

ಆತ್ಮಹತ್ಯೆಯಾದರೆ ಸೂಚನೆಯಲ್ಲಿ ಕಾರಣ ಬರೆಯಲೇಬೇಕೆಂದಿಲ್ಲ, ‘ನಿಧನರಾದರು’ ಸುಳ್ಳಲ್ಲ. ‘ಹೃದಯಾಘಾತ’ ಎಂದು ಕಟ್ಟಬೇಡಿ, ಊರಿಗೆ ಗೊತ್ತಾದಾಗ ಉಳಿದ ಸಾಲುಗಳೂ ಸುಳ್ಳಾಗುತ್ತವೆ. ವಿಧಾನ, ಜಾಗ, ಚೀಟಿಯ ಒಕ್ಕಣೆಯನ್ನು ಎಲ್ಲೂ ಬರೆಯಬಾರದು. ಭಾರತೀಯ ಪತ್ರಿಕಾ ಮಂಡಳಿಯ 2019ರ ಮಾರ್ಗಸೂಚಿ ಹೇಳುವುದೂ ಇದನ್ನೇ. ಸುದ್ದಿಯಾಗಿ ಹಾಕುವವರು ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಕೊನೆಗೆ ಸೇರಿಸಬೇಕು.

ಎಳೆಯ ಮಕ್ಕಳ ಸಾವಿನಲ್ಲಿ ಹೆಸರು, ತಂದೆತಾಯಿ, ಹೊತ್ತು, ಜಾಗ ಇಷ್ಟೇ. ಒಂದೂ ಹೆಚ್ಚಿನ ಪದ ಬೇಡ.

## ಕಳಿಸುವ ಮೊದಲು, ಕಳಿಸಿದ ಮೇಲೆ

ಸುದ್ದಿಯನ್ನು ಮನೆಯವರಿಂದ ಅಥವಾ ಆಸ್ಪತ್ರೆಯಿಂದ ನೇರ ಕೇಳಿದ ಮೇಲೆಯೇ ಬರೆಯಿರಿ, ಗುಂಪಿನ ‘ಓಂ ಶಾಂತಿ’ಗಳು ಆಧಾರವಲ್ಲ. 1979ರ ಮಾರ್ಚ್ 22ರಂದು ಜಯಪ್ರಕಾಶ ನಾರಾಯಣರು ತೀರಿಕೊಂಡರೆಂದು ಲೋಕಸಭೆಯಲ್ಲೇ ಘೋಷಿಸಿ, ಶ್ರದ್ಧಾಂಜಲಿ ಸಲ್ಲಿಸಿ, ಕಲಾಪ ಮುಂದೂಡಿಬಿಟ್ಟರು. ಅವರು ಮುಂಬೈಯ ಆಸ್ಪತ್ರೆಯಲ್ಲಿ ಬದುಕಿದ್ದರು, ಹೋದದ್ದು ಅಕ್ಟೋಬರ್ 8ಕ್ಕೆ. ಬೇಹುಗಾರಿಕೆಯವರಿದ್ದ ದೆಹಲಿಯಲ್ಲೇ ಹೀಗಾಯಿತೆಂದರೆ ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿನದು ಯಾವ ಲೆಕ್ಕ?

ಅಚ್ಚಾದ ಮೇಲೆ ತಪ್ಪು ಕಂಡರೆ ಎಲ್ಲ ತಪ್ಪಿಗೂ ತಿದ್ದುಪಡಿ ಕೇಳಬೇಕಿಲ್ಲ. ಹೆಸರು, ಕಾರ್ಯದ ದಿನ, ಮಕ್ಕಳ ಎಣಿಕೆ ತಪ್ಪಿದ್ದರೆ ಅಂದೇ ಮಧ್ಯಾಹ್ನದೊಳಗೆ ಕಚೇರಿಗೆ ಫೋನು ಮಾಡಿ, ಪುಟ ಮತ್ತು ಸಾಲು ಹೇಳಿ, ಸರಿಯಾದ ರೂಪವನ್ನು ಬರೆದು ಕಳಿಸಿ. ‘ವಿಧಿವಶ’ ಬದಲು ‘ನಿಧನ’ ಆಗಬೇಕಿತ್ತು ಎಂಬುದಕ್ಕೆ ಜಗಳ ಬೇಡ.

ಮಾಹಿತಿ ಚೀಟಿ, ಮೂಲ ಫೋಟೊ, ಅಂತಿಮ ಪಠ್ಯ ಮೂರನ್ನೂ ಒಂದು ಕಡೆ ಇಟ್ಟುಕೊಳ್ಳಿ. ವರ್ಷ ತುಂಬಿದಾಗಿನ ಪುಣ್ಯಸ್ಮರಣೆಯ ಜಾಹೀರಾತಿಗೆ ಮತ್ತೆ ಬೇಕಾಗುತ್ತವೆ. ಆಗ ಒಂದು ತೊಡಕು ಬರುತ್ತದೆ. ಮನೆಯಲ್ಲಿ ಕಾರ್ಯ ಮಾಡುವುದು ಪಂಚಾಂಗದ ತಿಥಿಗೆ, ಅದು ತೀರಿಕೊಂಡ ತಾರೀಖಿಗೆ ಬೀಳದೆ ಕೆಲವು ದಿನ ಹಿಂದೆಮುಂದೆ ಆಗುತ್ತದೆ. ಜಾಹೀರಾತಿನಲ್ಲಿ “ಪ್ರಥಮ ವರ್ಷದ ಪುಣ್ಯಸ್ಮರಣೆ” ಎಂದು ಮೇಲೆ ಹಾಕಿ, ನಿಧನದ ತಾರೀಖು ಮತ್ತು ಈಗ ಕಾರ್ಯ ನಡೆಯುವ ತಾರೀಖು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.